ಮುಚ್ಚಳಿಕೆಯ ಆಳ್ವಿಕೆ

ದಾವಣಗೆರೆಯಿಂದ ತೆಂಕಣಕ್ಕೆ ಚನ್ನಗಿರಿಯತ್ತ ಸಾಗುವಾಗ ಎದುರಾಗುವ ತ್ಯಾವಣಿಗೆಯ ಸೀಮೆಯಲ್ಲಿ, ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳನ್ನೂ ಅಡಿಕೆಯ ತೋಟಗಳನ್ನೂ ಇಂದು ಕಾಣುವವನಿಗೆ, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಸುತ್ತಿನ ಒಕ್ಕಲುಮಕ್ಕಳು ಮೈಸೂರು ಸರ್ಕಾರಕ್ಕೆ ಕಂದಾಯ ಕೊಡೆವೆಂದು ಕೂಟ ಕಟ್ಟಿ ಎದ್ದುನಿಂತಿದ್ದರೆಂಬುದು ನಂಬಲರಿದಾದ ಸಂಗತಿಯಾಗಿ ತೋರೀತು. ನಗರವೆಂಬ ಸೀಮೆಯ ಹೆಸರಿನಿಂದ 1830-31ರ ನಗರದ ದಂಗೆಯೆಂದು ಚರಿತ್ರೆಯಲ್ಲಿ ಹೆಸರಾದ ಆ ಕ್ಷೋಭೆಗೆ ಕೆಳದಿಯ ಅರಸೊತ್ತಿಗೆಯ ಹಕ್ಕುದಾರನೆಂದು ತನ್ನನ್ನು ಸಾರಿಕೊಂಡ ಬೂದಿ ಬಸವಪ್ಪನೂ, ಬಸವಾಪಟ್ಟಣ ಮತ್ತು ಸಂತೇಬೆನ್ನೂರುಗಳಲ್ಲಿ ಹಿಂದೆ ಆಳಿದ ಮನೆತನಕ್ಕೆ ಸೇರಿದ ತರೀಕೆರೆಯ ಪಾಳೆಯಗಾರನೂ ನಾಯಕರಾದರೆಂಬುದು ನಿಜ. ಹೊನ್ನಾಳಿಯು ಅದರ ಪ್ರಮುಖ ನೆಲೆಗಳಲ್ಲೊಂದಾಗಿತ್ತೆಂಬುದೂ ನಿಜ. ಆದರೆ ನಾಯಕರು ಬೆಂಕಿಗೆ ಗಾಳಿಯಾದರೇ ಹೊರತು ಕಟ್ಟಿಗೆಯಾಗಲಿಲ್ಲ. ದಂಗೆಯ ಮೂಲವನ್ನು ಅರಸಬೇಕಾದುದು ತಾಲ್ಲೂಕಿನ ಕಂದಾಯಾಧಿಕಾರಿಯಾದ ಅಮಲ್ದಾರನು ಸರ್ಕಾರಕ್ಕೆ ಬರೆದುಕೊಡುತ್ತಿದ್ದ ಒಂದು ಕಾಗದದಲ್ಲಿ.

ಆ ಕಾಗದವೇ ಮುಚ್ಚಳಿಕೆ. ‘ಇಷ್ಟು ಹಣವನ್ನು ನನ್ನ ತಾಲ್ಲೂಕಿನಿಂದ ಎತ್ತಿಕೊಡುತ್ತೇನೆ, ಕಡಮೆಯಾದರೆ ಕೈಯಿಂದ ತುಂಬುತ್ತೇನೆ, ಹೆಚ್ಚಾದರೆ ಆ ಹೆಚ್ಚಳವೂ ಸರ್ಕಾರಕ್ಕೇ ಸಲ್ಲತಕ್ಕದ್ದು’ ಎಂಬುದು ಅದರ ತಾತ್ಪರ್ಯ. ಇದಕ್ಕೆ ಶರತ್ತು ಪದ್ಧತಿಯೆಂದು ಹೆಸರು. ಒಪ್ಪಿಕೊಂಡ ಮೊತ್ತವು ಸಾಮಾನ್ಯವಾಗಿ ಹಿಂದಿನ ವರ್ಷದ ವಸೂಲಿಗಿಂತ ಹೆಚ್ಚಿನದೇ ಆಗಿರುತ್ತಿತ್ತು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ಅವರ ತಲೆಗೆ ಕಟ್ಟಿ ಹಣ ಕೇಳುವುದಿಲ್ಲವೆಂಬ ವಾಗ್ದಾನಗಳೂ ಅದೇ ಕಾಗದದಲ್ಲಿ ಇರುತ್ತಿದ್ದುವು. ಆದರೆ ಈ ವಾಗ್ದಾನಗಳು ಮುರಿದುವೆಂಬ ದೂರು ಮೇಲಕ್ಕೆ ಹೋದಾಗ ಕೇಳುವವರಿರಲಿಲ್ಲ. ಹಣದ ಬಾಕಿ ಉಳಿದರೆ ಮಾತ್ರ ಕೇಳುವವರಿದ್ದರು.

ಇಂಥ ಏರ್ಪಾಡು ಹುಟ್ಟಿದುದು ಕೇವಲ ದುರಾಶೆಯಿಂದಲ್ಲ. 1799ರ ಒಡಂಬಡಿಕೆಯಂತೆ ಮೈಸೂರು ಸಂಸ್ಥಾನವು ವರ್ಷಂಪ್ರತಿ ಏಳು ಲಕ್ಷ ವರಹಗಳನ್ನು, ಎಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು, ಈಸ್ಟ್ ಇಂಡಿಯಾ ಕಂಪನಿಗೆ ಪೊಗದಿಯಾಗಿ ಕೊಡಬೇಕಾಗಿತ್ತು. ಮಳೆ ಬರಲಿ ಬಾರದಿರಲಿ, ಧಾನ್ಯದ ಬೆಲೆ ಏರಲಿ ಇಳಿಯಲಿ, ಆ ಸಂಖ್ಯೆ ಮಾತ್ರ ಅಲುಗುವಂತಿರಲಿಲ್ಲ. ದಿವಾನ್ ಪೂರ್ಣಯ್ಯನವರು ಕೂಡಿಸಿಟ್ಟ ಭಂಡಾರವು ಮುಮ್ಮಡಿ ಕೃಷ್ಣರಾಜರ ಕಾಲದಲ್ಲಿ ಕರಗಿದ ಮೇಲೆ, ಅರಮನೆಯ ವೆಚ್ಚವೂ ಸೈನ್ಯದ ವೆಚ್ಚವೂ ಪೊಗದಿಯೂ ಒಟ್ಟಾಗಿ ಬೊಕ್ಕಸವನ್ನು ಹಿಂಡತೊಡಗಿದುವು. ಮೇಲಿನಿಂದ ಬಿದ್ದ ಭಾರವು ಫೌಜುದಾರನಿಂದ ಅಮಲ್ದಾರನಿಗೆ, ಅಮಲ್ದಾರನಿಂದ ಶೇಕದಾರನಿಗೆ, ಕಡೆಗೆ ಊರಿನ ಗೌಡ ಶಾನುಭೋಗರ ಮೂಲಕ ಒಕ್ಕಲಿಗನ ಬೆನ್ನಿಗೆ ಇಳಿಯಿತು. ಅವನಿಗೆ ಅದನ್ನು ಇನ್ನಾರಿಗೂ ದಾಟಿಸುವ ಉಪಾಯವಿರಲಿಲ್ಲ.

ಕೆರೆಯ ಹಿಂದಿನ ಭತ್ತದ ಗದ್ದೆಗಳಲ್ಲಿ ಈ ಭಾರದ ರೂಪ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ನಡೆಯುತ್ತಿದ್ದುದು ಬಟಾಯಿ. ಬೆಳೆದುದರಲ್ಲಿ ಸರ್ಕಾರಕ್ಕೂ ರೈತನಿಗೂ ಪಾಲು. ಕೇಳಲು ಇದರಷ್ಟು ನ್ಯಾಯವಾದುದು ಬೇರೊಂದಿಲ್ಲ. ಬೆಳೆ ಕೆಟ್ಟ ವರ್ಷ ಸರ್ಕಾರವೂ ನಷ್ಟವನ್ನು ಹಂಚಿಕೊಳ್ಳುವುದಲ್ಲವೆ! ಆದರೆ ಕಣದಲ್ಲಿ ನಡೆಯುತ್ತಿದ್ದುದೇ ಬೇರೆ. ಒಕ್ಕಣೆ ಮುಗಿಸಿ, ತೂರಿ, ರಾಶಿ ಮಾಡಿದ ಮೇಲೆ, ಅಳೆಸುವ ಅಧಿಕಾರಿ ಬರುವ ತನಕ ರೈತನು ತಾನು ಬೆಳೆದ ಕಾಳನ್ನು ತಾನೇ ಮುಟ್ಟುವಂತಿರಲಿಲ್ಲ. ರಾಶಿಗೆ ಮುದ್ರೆಯೊತ್ತಿ ಕಾವಲಿಟ್ಟು, ಅವನು ಕಾಯಬೇಕು. ಅಧಿಕಾರಿ ತಡಮಾಡಿದಷ್ಟೂ ಮಳೆ, ಇಲಿ, ಹಕ್ಕಿಗಳು ತಮ್ಮ ಪಾಲನ್ನು ಕೊಳಗವಿಲ್ಲದೆ ಅಳೆದುಕೊಳ್ಳುತ್ತಿದ್ದುವು. ಬೇಗನೆ ಬರಲೆಂದು ಅಧಿಕಾರಿಯ ಕೈ ಬೆಚ್ಚಗೆ ಮಾಡುವುದು ಇನ್ನೊಂದು ತೆರಿಗೆಯಾಗುತ್ತಿತ್ತು.

ನೆಲದ ಕಂದಾಯವಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಾಗಿತ್ತು. ಅಡಿಕೆಯ ಹೇರಿಗೆ ದಾರಿಯುದ್ದಕ್ಕೂ ಸುಂಕದ ಕಟ್ಟೆಗಳು. ಮದುವೆಗೆ ತೆರಿಗೆ, ಹೆರಿಗೆಗೆ ತೆರಿಗೆ, ಮಗುವಿಗೆ ಹೆಸರಿಟ್ಟರೆ ತೆರಿಗೆ, ಅದರ ತಲೆ ಬೋಳಿಸಿದರೆ ತೆರಿಗೆ. ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಊರಿನವರು ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ ತೆರಿಗೆ ತೆರುತ್ತಿದ್ದರು. ನಗರದ ಸೀಮೆಯಲ್ಲಿ ಗೊತ್ತಾದ ಒಂದು ಜಾಗವನ್ನು ಕೈಗಳನ್ನು ಮೈಗೆ ಒತ್ತಿಕೊಳ್ಳದೆ ದಾಟಿದವನೂ ತೆರಬೇಕಾಗಿತ್ತು. ನಗೆ ಬರುವಂಥ ಈ ಬಾಬುಗಳು ತೆರುವವನಿಗೆ ನಗೆಯಾಗಿರಲಿಲ್ಲ. ಒಮ್ಮೆ ಲೆಕ್ಕಕ್ಕೆ ಸೇರಿದ ಬಾಬನ್ನು ತೆಗೆದುಹಾಕಿದರೆ ಶರತ್ತಿನ ಮೊತ್ತದಲ್ಲಿ ಕೊರತೆ ಬೀಳುವುದರಿಂದ, ಅದನ್ನು ತೆಗೆಯುವ ಧೈರ್ಯ ಯಾವ ಅಮಲ್ದಾರನಿಗೂ ಇರಲಿಲ್ಲ.

ದಂಗೆಯನ್ನು ಸೈನ್ಯಬಲದಿಂದ ಅಡಗಿಸಲಾಯಿತು. ಅದನ್ನೇ ನೆವವಾಗಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕನು 1831ರ ಅಕ್ಟೋಬರಿನಲ್ಲಿ ಸಂಸ್ಥಾನದ ಆಡಳಿತವನ್ನು ಅರಸರ ಕೈಯಿಂದ ತೆಗೆದುಕೊಂಡನು. ಪೊಗದಿಯ ಒತ್ತಾಯವನ್ನು ಹೇರಿದವರೇ ಅದರ ಫಲವನ್ನು ಕಂಡು ನ್ಯಾಯಾಧೀಶರಾದರೆಂಬ ವಿಪರ್ಯಾಸವನ್ನು ಮರೆಯಲಾಗದು. ಆದರೂ 1834ರಿಂದ 1861ರ ವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನನ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದುವು. ಕಂದಾಯದ ಕಂತುಗಳು ಕೊಯ್ಲಿನ ಕಾಲಕ್ಕೆ ಹೊಂದಿಕೊಂಡುವು. 1863ರ ತರುವಾಯ ಹೊಲಗಳ ಅಳತೆ ನಡೆದು, ಕೊಡಬೇಕಾದುದು ಇಷ್ಟೆಂದು ರೈತನಿಗೆ ಮೊದಲೇ ತಿಳಿಯುವಂತಾಯಿತು.

ವಸೂಲಿಯನ್ನು ಗುತ್ತಿಗೆಗೆ ಕೊಡುವ ದೋಷ ಮೈಸೂರಿಗೆ ಮಾತ್ರ ಅಂಟಿದುದಲ್ಲ. ಫ್ರಾನ್ಸಿನ ದೊರೆಗಳು ಉಪ್ಪಿನ ತೆರಿಗೆಯನ್ನೂ ತುರ್ಕಿಯ ಸುಲ್ತಾನರು ಹಳ್ಳಿಗಳ ದಶಾಂಶವನ್ನೂ ಗುತ್ತಿಗೆದಾರರಿಗೆ ವಹಿಸಿದ್ದರು. ಬಡ ರಾಜ್ಯಕ್ಕೆ ಇದು ಸುಲಭದ ದಾರಿ: ಅಳೆಯುವ, ಬರೆಯುವ, ಪರೀಕ್ಷಿಸುವ ಶ್ರಮವಿಲ್ಲದೆ ಹಣ ಬರುತ್ತದೆ. ಆದರೆ ಬೊಕ್ಕಸಕ್ಕೆ ಎಷ್ಟು ಬಂದಿತೆಂಬ ಲೆಕ್ಕವಷ್ಟೇ ಇದ್ದು, ಅದು ಹೇಗೆ ಬಂದಿತೆಂಬ ಲೆಕ್ಕವಿಲ್ಲದ ಸರ್ಕಾರವು ಪ್ರಜೆಗಳ ಸ್ಥಿತಿಯನ್ನು ಅವರು ಎದ್ದುನಿಂತ ದಿನವೇ ಅರಿಯುತ್ತದೆ.

ಈ ಪಾಠಕ್ಕೆ ಉತ್ತರವೆನ್ನಬಹುದಾದ ಏರ್ಪಾಡು ಅರ್ಧ ಶತಮಾನದ ಮೇಲೆ ಬಂದಿತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ತಾಲ್ಲೂಕುಗಳ ರೈತರನ್ನೂ ವರ್ತಕರನ್ನೂ ದಸರೆಯ ಸಮಯಕ್ಕೆ ಮೈಸೂರಿಗೆ ಕರೆಸಿ, ಸಂಸ್ಥಾನದ ಆದಾಯ ವೆಚ್ಚಗಳನ್ನು ಅವರ ಮುಂದಿಟ್ಟರು. ಆ ಪ್ರಜಾಪ್ರತಿನಿಧಿ ಸಭೆಗೆ ತೆರಿಗೆಯನ್ನು ತಡೆಯುವ ಅಧಿಕಾರವಿರಲಿಲ್ಲ. ಕೇಳಬಹುದು, ಅಹವಾಲು ಹೇಳಬಹುದು, ಅಷ್ಟೆ. ಆದರೂ ಮುಚ್ಚಳಿಕೆಯ ಕಾಲದಲ್ಲಿ ಮೇಲ್ಮುಖವಾಗಿ ಮಾತ್ರ ಹರಿಯುತ್ತಿದ್ದ ಲೆಕ್ಕವು ಅಂದು ಕೆಳಮುಖವಾಗಿಯೂ ಹರಿಯಿತು. ಇಂದು ಗ್ರಾಮಸಭೆಯಲ್ಲಿ ಪಂಚಾಯಿತಿಯ ಜಮಾಖರ್ಚನ್ನು ಓದಿಸಿ ಕೇಳುವ ಹಕ್ಕುಳ್ಳ ಮತದಾರನು, ತನ್ನ ಹಿರಿಯರು ಕೂಟ ಕಟ್ಟಿಯೂ ಪಡೆಯದುದನ್ನು ಪಡೆದಿದ್ದಾನೆ. ಆ ಸಭೆಗೆ ಹೋಗದೆ ಉಳಿದರೆ, ಅದನ್ನು ತಾನಾಗಿ ಅಮಲ್ದಾರನ ಕೈಗೆ ಮರಳಿ ಕೊಟ್ಟಂತೆ.