ಯಾದೃಚ್ಛಿಕ ತಲಗಳ ಗಣನೆಯೂ ಪರಿಮಿತಿಯೆಂಬ ಉಪಾಧಿಯೂ

ಸ್ಥಾಲೀಪುಲಾಕನ್ಯಾಯವು ವಿದ್ವಾಂಸರಿಗೆ ಚಿರಪರಿಚಿತವಾದುದು. ಒಂದಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲವೂ ಬೆಂದಿತೆಂದು ನಿಶ್ಚಯಿಸಬಹುದು. ಆದರೆ ಅಗುಳಿಗೂ ಅನ್ನರಾಶಿಗೂ ಪಾಕವು ಸಮಾನವಾಗಿದ್ದರೆ ಮಾತ್ರ. ಭೌತವಿಜ್ಞಾನದ ತಂತುಸಿದ್ಧಾಂತದಲ್ಲಿ ಈ ನ್ಯಾಯವು ಎಲ್ಲಿಯವರೆಗೆ ಸಲ್ಲುವುದೆಂಬುದೇ ಇಲ್ಲಿನ ವಿಚಾರ.

ಬಿಂದುವು ಚಲಿಸಿದರೆ ರೇಖೆಯುಂಟಾಗುವಂತೆ ತಂತುವು ಚಲಿಸಿದರೆ ತಲವುಂಟಾಗುತ್ತದೆ. ತಂತುವಿನ ಕ್ವಾಂಟಂ ಗಣಿತವೆಂದರೆ ಇಂತಹ ಸಮಸ್ತ ತಲಗಳ ಸಂಕಲನವೆಂಬುದನ್ನು ಪೊಲ್ಯಾಕೋವ್ ಅವರು 1981ರಲ್ಲಿ ನಿರೂಪಿಸಿದರು. 1985ರಲ್ಲಿ ಡೇವಿಡ್, ಕಜಕೋವ್, ಆಂಬ್ಯೋರ್ನ್ ಮೊದಲಾದವರು ಸಮಭುಜ ತ್ರಿಕೋಣಗಳನ್ನು ಅಂಚಿಗಂಚು ಸೇರಿಸಿ ಆ ತಲಗಳನ್ನು ಕಟ್ಟುವ ಮಾರ್ಗವನ್ನು ತೋರಿದರು. ಗಣಕಯಂತ್ರವು ಈ ಜೋಡಣೆಯನ್ನು ಯದೃಚ್ಛೆಯಾಗಿ ಮತ್ತೆ ಮತ್ತೆ ಮಾರ್ಪಡಿಸಿ ಸರಾಸರಿಯನ್ನು ತೆಗೆಯುವುದು.

ಸಿದ್ಧಾಂತವು ಬಯಸುವುದು ಅನಂತವಾದ ತಲವನ್ನು. ಯಂತ್ರವು ಕೊಡುವುದು ಪರಿಮಿತವಾದುದನ್ನು. ದ್ರವ್ಯರಹಿತವಾದ ತಲದಲ್ಲಿ ಎರಡು ಬಿಂದುಗಳ ಸರಾಸರಿ ದೂರವು ತ್ರಿಕೋಣಸಂಖ್ಯೆಯ ಚತುರ್ಥಮೂಲದಂತೆ ಬೆಳೆಯುತ್ತದೆ; ಅರ್ಥಾತ್ ಅದರ ಆಯಾಮವು 2 ಅಲ್ಲ, 4. ತ್ರಿಕೋಣಗಳನ್ನು 10,000ದಿಂದ 1,60,000ಕ್ಕೆ ಏರಿಸಿದರೂ ದೂರವು ಇಮ್ಮಡಿಯಾಗುವುದಷ್ಟೆ. ಹೀಗಾಗಿ ಒಂದು ತ್ರಿಕೋಣದ ಅಳತೆಗೂ ಇಡೀ ತಲದ ಅಳತೆಗೂ ನಡುವೆ ಉಳಿಯುವ ಅವಕಾಶವು ಅತ್ಯಲ್ಪ. ಆರಂಭದ ಗಣನೆಗಳಲ್ಲಿ ಆಯಾಮವು ಸ್ಪಷ್ಟವಾಗಿ ಗೋಚರಿಸದಿದ್ದುದಕ್ಕೆ ಇದೇ ಕಾರಣ.

ಪರಿಹಾರವು ಆ ದೋಷದಲ್ಲಿಯೇ ಅಡಗಿದ್ದಿತು. 1995ರ ಸುಮಾರಿಗೆ ಸಂಶೋಧಕರು ನಾನಾ ಪರಿಮಾಣದ ತಲಗಳನ್ನು ಕಟ್ಟಿ, ದೂರಗಳನ್ನು ಆಯಾ ಪರಿಮಾಣದ ತಕ್ಕ ಘಾತದಿಂದ ಭಾಗಿಸಿ ಹೋಲಿಸಿದರು. ಯಾವ ಘಾತದಿಂದ ಎಲ್ಲ ವಕ್ರರೇಖೆಗಳೂ ಒಂದಾಗುವುವೋ ಅದೇ ಆಯಾಮವನ್ನು ತಿಳಿಸುವುದು. ಅದು 4ಕ್ಕೆ ಸಮೀಪವಾಗಿ ದೊರೆಯಿತು. 2013ರಲ್ಲಿ ಪ್ರಕಟವಾದ ಲ ಗಾಲ್ ಮತ್ತು ಮಿಯೆರ್ಮೋಂ ಅವರ ಪ್ರಮೇಯಗಳು ಇಂತಹ ತಲಗಳ ಅನಂತಸೀಮೆಯನ್ನು ಗಣಿತದಿಂದಲೇ ಸ್ಥಾಪಿಸಿದವು.

ಆದರೆ ದ್ರವ್ಯಸೂಚಕವಾದ ಅಂಕವು 1ನ್ನು ಮೀರಿದೆಡೆಯಲ್ಲಿ ಕ್ನಿಜ್ನಿಕ್, ಪೊಲ್ಯಾಕೋವ್, ಜಮೊಲೊಡ್ಚಿಕೋವ್ ಇವರ 1988ರ ಸೂತ್ರವು ನಿರರ್ಥಕವಾಗುತ್ತದೆ. ಅಲ್ಲಿ ತಲವು ತಲವಾಗಿ ಉಳಿಯುವುದೋ, ಕೊಂಬೆಗಳುಳ್ಳ ಮರದಂತೆ ಕ್ಷೀಣಿಸುವುದೋ? ಮರದಂತಾಗುವುದೇ ನಿಜವಾದರೂ, 1ರ ಸಮೀಪದಲ್ಲಿ ಅದನ್ನು ಕಾಣಲು ಊಹಾತೀತವಾದ ಪರಿಮಾಣವು ಬೇಕಾಗುವುದೆಂದು ಡೇವಿಡ್ ಅವರು 1997ರಲ್ಲಿ ವಾದಿಸಿದರು. ಹಾಗಿದ್ದಲ್ಲಿ ಯಂತ್ರವು ಏನನ್ನೂ ಕಾಣದಿದ್ದುದು ಅಭಾವಕ್ಕೆ ಪ್ರಮಾಣವಾಗಲಾರದು.

ಅಗ್ನಿಯಿಂದ ಧೂಮವನ್ನು ಊಹಿಸುವವನಿಗೆ ಹಸಿಯ ಕಟ್ಟಿಗೆಯು ಉಪಾಧಿಯೆಂದು ತಾರ್ಕಿಕರು ಎಚ್ಚರಿಸುವರು. ಗಣಕಯಂತ್ರದಿಂದ ಅನಂತವನ್ನು ಊಹಿಸುವವನಿಗೆ ಪರಿಮಿತಿಯೇ ಅಂತಹ ಉಪಾಧಿ. ಅದನ್ನು ಅಳೆದ ಬಳಿಕವೇ ಅನುಮಾನವು ಪ್ರಮಾಣಪದವಿಗೆ ಅರ್ಹವಾಗುವುದು.