ಹೇಳಿ ಹಕ್ಕು ಪಡೆಯುವುದೋ, ಹೇಳದೆ ಬಚ್ಚಿಡುವುದೋ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರುವವರು ಮೊದಲ ದಿನ ಸಹಿ ಹಾಕುವ ಕಾಗದಗಳಲ್ಲಿ ಗೋಪ್ಯತೆಯ ಕರಾರು ಇದ್ದೇ ಇರುತ್ತದೆ. ಪೇಟೆಂಟ್ ಎಂಬುದೊಂದು ಇರುವಾಗ ಈ ಕಾಗದದ ಮೇಲೇಕೆ ಇಷ್ಟು ಭಾರ ಎಂದು ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ರಾನ್ ರಿವೆಸ್ಟ್ ಎಂಬ ವಿಜ್ಞಾನಿಯ ಎರಡು ಗೂಢಲಿಪಿಗಳ ಕಥೆ.

ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿದ್ದೂ ಸರಿಸುಮಾರು ಅದೇ ಕಾಲ. 1977ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿವೆಸ್ಟ್, ಆದಿ ಶಮೀರ್, ಲೆನ್ ಆಡಲ್‌ಮನ್ ಸೇರಿ ಆರ್‌ಎಸ್‌ಎ ವಿಧಾನ ರೂಪಿಸಿದರು. ಬೀಗ ಹಾಕುವ ಕೀಲಿಯನ್ನು ಊರಿಗೆಲ್ಲ ಹಂಚಿ, ತೆಗೆಯುವ ಕೀಲಿಯನ್ನು ಮಾತ್ರ ತನ್ನ ಬಳಿ ಇಟ್ಟುಕೊಳ್ಳುವ ಉಪಾಯ ಅದು. 1983ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ತಮಾಷೆಯೆಂದರೆ, ಅರ್ಜಿ ಹಾಕುವ ಮೊದಲೇ ಸಂಗತಿ ಪತ್ರಿಕೆಯಲ್ಲಿ ಬಂದುಬಿಟ್ಟಿತ್ತು. ಅಮೆರಿಕದ ಕಾನೂನು ಇದಕ್ಕೆ ಒಂದು ವರ್ಷದ ರಿಯಾಯಿತಿ ಕೊಡುತ್ತಿತ್ತು. ಬಹುತೇಕ ಬೇರೆ ದೇಶಗಳು ಕೊಡುತ್ತಿರಲಿಲ್ಲ. ಹೀಗಾಗಿ ಬೆಂಗಳೂರಿನಲ್ಲಿ ಕೂತು ಆರ್‌ಎಸ್‌ಎ ಪ್ರೋಗ್ರಾಂ ಬರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದೇ ಸರಕು ಅಮೆರಿಕಕ್ಕೆ ಹೋದರೆ ಲೈಸೆನ್ಸ್ ಬೇಕು. 2000ದ ಸೆಪ್ಟೆಂಬರ್‌ನಲ್ಲಿ ಆ ಪೇಟೆಂಟಿನ ಆಯಸ್ಸು ಮುಗಿಯಿತು.

ಅದೇ ರಿವೆಸ್ಟ್ 1987ರಲ್ಲಿ ಮಾಡಿದ ಆರ್‌ಸಿ4 ಅನ್ನು ಅವರ ಕಂಪನಿ ಗುಟ್ಟಾಗಿಯೇ ಇಟ್ಟಿತು. ಪೇಟೆಂಟಿಗೆ ಗಡುವಿದೆ, ಗುಟ್ಟಿಗಿಲ್ಲ. ಆದರೆ 1994ರಲ್ಲಿ ಯಾರೋ ಹೆಸರು ಹೇಳದೆ ಅದನ್ನು ಅಂತರ್ಜಾಲಕ್ಕೆ ಹಾಕಿಬಿಟ್ಟರು. ಹೆಸರು ಕಂಪನಿಯ ಟ್ರೇಡ್‌ಮಾರ್ಕ್ ಆದ್ದರಿಂದ ಉಳಿದವರು ‘ಆರ್ಕ್‌ಫೋರ್’ ಎಂದು ಕರೆದು ಬಳಸತೊಡಗಿದರು. ಹೊರಗಿನವರು ಅದನ್ನು ಬಿಡಿಸಿ ನೋಡಲು ಆದದ್ದೂ ಆಮೇಲೆಯೇ. ವೈಫೈ ರಕ್ಷಣೆಯಲ್ಲಿ ಅದನ್ನು ಬಳಸಿದ ರೀತಿಯ ಬಿರುಕು 2001ರಲ್ಲಿ ಬಯಲಾಯಿತು. ಬಯಲು ಮಾಡಿದವರಲ್ಲಿ ಆರ್‌ಎಸ್‌ಎಯ ಶಮೀರ್ ಕೂಡ ಒಬ್ಬರು! ಗೂಢಲಿಪಿಯ ಬಲ ಕೀಲಿಯಲ್ಲಿರಬೇಕು, ವಿಧಾನ ವೈರಿಯ ಕೈಗೆ ಸಿಕ್ಕರೂ ಕೆಡಬಾರದು ಎಂದು ಕೆರ್ಕ್‌ಹಾಫ್ಸ್ 1883ರಲ್ಲೇ ಬರೆದಿದ್ದರು.

ನಮ್ಮಲ್ಲಿ? 1970ರ ಪೇಟೆಂಟ್ ಕಾಯ್ದೆಗೆ 2002ರ ತಿದ್ದುಪಡಿ ತಂದ 3(ಕೆ) ಕಲಮಿನಂತೆ ಗಣಿತದ ವಿಧಾನ, ಆಲ್ಗರಿದಮ್, ಬರೀ ಕಂಪ್ಯೂಟರ್ ಪ್ರೋಗ್ರಾಂಗಳಿಗೆ ಪೇಟೆಂಟ್ ಇಲ್ಲ. 2004ರ ಕೊನೆಯ ಸುಗ್ರೀವಾಜ್ಞೆ ಇದನ್ನು ಸಡಿಲಿಸಲು ನೋಡಿತು. 2005ರಲ್ಲಿ ಸಂಸತ್ತು ಒಪ್ಪಲಿಲ್ಲ. ಒಪ್ಪದಿದ್ದದ್ದು ಸರಿ ಎಂದೇ ನನ್ನ ಎಣಿಕೆ. ಆದರೆ ಪೇಟೆಂಟಿಲ್ಲದ ಕೋಡ್ ತಾನಾಗಿ ಬಯಲಿಗೆ ಬರುವುದಿಲ್ಲ, ಪೆಟ್ಟಿಗೆ ಸೇರುತ್ತದೆ. ವ್ಯಾಪಾರ ರಹಸ್ಯಕ್ಕೆಂದೇ ಕಾಯ್ದೆ ಬೇಕೆಂದು ಕಾನೂನು ಆಯೋಗ ಹೇಳಿದ್ದು 2024ರಲ್ಲಿ, ತನ್ನ 289ನೇ ವರದಿಯಲ್ಲಿ. ಅಲ್ಲಿಯವರೆಗೂ ಕಂಪನಿಗಳಿಗೆ ಆಸರೆ ಕೃತಿಸ್ವಾಮ್ಯ ಮತ್ತು ಆ ಮೊದಲ ದಿನದ ಕರಾರು.

ಅದಕ್ಕೂ ಮಿತಿಯಿದೆ. 1872ರ ಕರಾರು ಕಾಯ್ದೆಯ 27ನೇ ಕಲಮಿನಿಂದಾಗಿ, ಕೆಲಸ ಬಿಟ್ಟವರನ್ನು ಎದುರಾಳಿ ಕಂಪನಿಗೆ ಹೋಗದಂತೆ ಕಟ್ಟಿಹಾಕುವುದು ಕಷ್ಟ. ಎಲೆಕ್ಟ್ರಾನಿಕ್ ಸಿಟಿ ಬಿಟ್ಟವರು ವೈಟ್‌ಫೀಲ್ಡಿನಲ್ಲಿ ಸೇರಿಕೊಳ್ಳಬಹುದು. ಹಳೆಯ ಕಂಪನಿಯ ಗುಟ್ಟು ಜೊತೆಗೆ ಹೋಗುವಂತಿಲ್ಲ. ತಲೆಯಲ್ಲಿರುವುದರಲ್ಲಿ ಎಷ್ಟು ಕಂಪನಿಯದು, ಎಷ್ಟು ಅವರ ಸ್ವಂತ ಕಸುಬು ಎಂಬ ಜಗಳ ಎದ್ದರೆ ನ್ಯಾಯಾಲಯವೇ ಬಗೆಹರಿಸಬೇಕು.