ಉಪವಾಸದ ದಿನ ಉಣ್ಣಿ ಅಂದವರು

1848. ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ವಿಲ್ನಾ, ಅಂದರೆ ಈಗಿನ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್. ಊರ ತುಂಬ ಕಾಲರಾ. ಅಷ್ಟರಲ್ಲಿ ಯೋಮ್ ಕಿಪ್ಪುರ್ ಬಂತು. ಯೆಹೂದ್ಯರಿಗೆ ಅದು ವರ್ಷದ ಅತಿ ಪವಿತ್ರ ದಿನ. ಸುಮಾರು 25 ಗಂಟೆ ಅನ್ನ-ನೀರು ಮುಟ್ಟದೆ ತಮ್ಮ ತಪ್ಪುಗಳನ್ನು ಎಣಿಸಿಕೊಳ್ಳುವ ದಿನ. ಆ ವರ್ಷ ರಬ್ಬಿ ಇಸ್ರಾಯೇಲ್ ಸಲಾಂಟರ್ 'ಉಪವಾಸ ಬೇಡ, ಉಣ್ಣಿ' ಅಂದರು. ಪ್ರಾರ್ಥನಾ ಮಂದಿರದಲ್ಲಿ ಎಲ್ಲರೆದುರು ತಾವೇ ತಿಂದು ತೋರಿಸಿದರು ಅಂತ ಒಂದು ಕತೆ; ಇಲ್ಲ, ಅಪ್ಪಣೆ ಮಾತ್ರ ಕೊಟ್ಟರು ಅಂತ ಇನ್ನೊಂದು.

ನನಗೆ ಸೋಜಿಗ ಅನ್ನಿಸಿದ್ದು ಬೇರೆ. ಇವರು ಮುಸಾರ್ ಎಂಬ ಆತ್ಮಪರೀಕ್ಷೆಯ ಚಳವಳಿ ಕಟ್ಟಿದವರು. ಇವರ ಒತ್ತಾಸೆಯಿಂದ 1845ರಲ್ಲಿ ಮರುಮುದ್ರಣಗೊಂಡ ಮೆಂಡೆಲ್ ಲೆಫಿನ್‌ರ ಪುಸ್ತಕದ ಹೆಸರೇ 'ಆತ್ಮದ ಲೆಕ್ಕ'. 13 ಗುಣ, ವಾರಕ್ಕೊಂದು, ವರ್ಷಕ್ಕೆ 4 ಸುತ್ತು. ತಪ್ಪಿದಾಗೆಲ್ಲ ಪಟ್ಟಿಯಲ್ಲಿ ಗುರುತು. ಬೆಂಜಮಿನ್ ಫ್ರಾಂಕ್ಲಿನ್‌ರಿಂದ ಪಡೆದ ಉಪಾಯ. ನಮ್ಮ ಹ್ಯಾಬಿಟ್ ಟ್ರ್ಯಾಕರ್ ಆಪ್‌ಗಳ ಮುತ್ತಜ್ಜ ಅನ್ನಿ!

ಜೀವ ಉಳಿಸೋಕೆ ಬಹುತೇಕ ಎಲ್ಲ ಕಟ್ಟಳೆ ಮುರಿಯಬಹುದು ಅನ್ನೋದು ಯೆಹೂದಿ ಶಾಸ್ತ್ರದ ಹಳೇ ನಿಯಮ. ಸಲಾಂಟರ್ ಹೊಸದೇನೂ ಹೇಳಲಿಲ್ಲ. ಆದರೆ ಹೆದರಿದ ಜನ ವ್ರತವನ್ನೇ ಇನ್ನಷ್ಟು ಬಿಗಿಯಾಗಿ ಹಿಡಿಯುವಾಗ, ಹೊಣೆ ಹೊತ್ತು ಅದನ್ನು ಹೇಳೋರು ಬೇಕು.

2021ರಲ್ಲಿ, ಜ್ವರವಿದ್ದರೂ ಅಮ್ಮ ಏಕಾದಶಿ ಬಿಡಲ್ಲ ಅಂದಳು. ನಾನು ಆಫೀಸಿನ ಕಾಲ್‌ನಲ್ಲಿದ್ದೆ. 'ನಿನ್ನಿಷ್ಟಮ್ಮ' ಅಂದುಬಿಟ್ಟೆ. ಸಂಜೆ ತಲೆಸುತ್ತಿ ಬಿದ್ದಳು. ಈಗ ಆರಾಮಾಗಿದ್ದಾಳೆ, ಪುಣ್ಯ. ಅವಳ ನಂಬಿಕೆಗೆ ಗೌರವ ಕೊಟ್ಟೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಲೆಕ್ಕಕ್ಕೆ ಕೂತರೆ, ಅದು ಬರೀ ಸೋಮಾರಿತನ. ಗುರುತು ಹಾಕಿಕೊಂಡಿದ್ದೇನೆ.